ಮತ್ತೊಮ್ಮೆ ಬೆಂದ ತಟ್ಟೆಗಳು

ಮಾರ್ಸೆಯ್,
ಭಾನುವಾರ, ೨೯ ಮಾರ್ಚ್ ೨೦೧೫

ಮುದ್ದಿನ ಮಗಳು ನೊಯೆಮಿಗೆ ಅಮ್ಮನ ಆಶೀರ್ವಾದಗಳು.

ನೀನು, ಅಳಿಯಂದಿರು, ತೆಹಿಲ್ಲಾ, ಪುಟ್ಟ ಎಲಿಶಾ ಎಲ್ಲರೂ ಆರೋಗ್ಯವಾಗಿದ್ದೀರೆಂದು ನಂಬಿದ್ದೇನೆ. ಸ್ಟ್ರಾಸ್‌ಬುರ್ಗ್‌ನಲ್ಲಿ ಇನ್ನೂ ಚಳಿ ಬಿಟ್ಟಿಲ್ಲವೆಂದು ಟಿವಿಯಲ್ಲಿ ನೋಡಿದೆ. ಇಲ್ಲಿ ಗಾಳಿಯ ಕಾಟ. ಬಾಲ್ಕನಿಯಲ್ಲಿ ಒಣಹಾಕಿದ ಬಟ್ಟೆಯೆಲ್ಲ ಕೆಳಮನೆಯವಳ ಪಾಲಾಗುತ್ತಿದೆ. ಒಂದು ದಿಂಬಿನ ಚೀಲ ಇನ್ನೂ ವಾಪಸು ಬಂದಿಲ್ಲ. ಅವಳು ನೋಡಿಯೇ ಇಲ್ಲವಂತೆ. ನಾನು ನಂಬಿದೆನೆಂದು ತಿಳಿದುಕೊಂಡಿದ್ದಾಳೆ.

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಉತ್ತರ ತಡವಾದದ್ದಕ್ಕೆ ಬೇಸರ ಮಾಡಿಕೊಳ್ಳಬೇಡ. ಕೈಗೆ ಸದಾ ಜೇಡಿಮಣ್ಣು ಮೆತ್ತಿಕೊಂಡಿರುತ್ತಿತ್ತು, ಪೆನ್ನು ಹಿಡಿಯಲಾಗಲಿಲ್ಲ ಎಂದು ನೆಪ ಹೇಳಬಹುದು. ಆದರೆ ನಿಜ ಸಂಗತಿಯೆಂದರೆ, ಒಂದು ವಿಷಯವನ್ನು ನಿನಗೆ ಹೇಳುವುದೋ ಮುಚ್ಚಿಡುವುದೋ ಎಂದು ಈ ವಾರವಿಡೀ ಹೊಯ್ದಾಡಿದೆ. ಫೋನಿನಲ್ಲಿ ಹೇಳೋಣವೆಂದರೆ ನಾನು ಬಾಯಿ ತೆರೆಯುವಷ್ಟರಲ್ಲಿ "ಅಮ್ಮಾ, ಮಕ್ಕಳು ಅಳ್ತಿವೆ, ಆಮೇಲೆ ಮಾಡ್ತೀನಿ" ಎಂದು ಇಟ್ಟುಬಿಡುತ್ತೀ. ನಾನು ಕಷ್ಟದ ಮಾತು ಎತ್ತಿದಾಗಲೇ ಆ ಮಕ್ಕಳು ಯಾಕೆ ಅಳುತ್ತವೋ, ಅದರ ಮೇಲೂ ನನಗೊಂದು ಅನುಮಾನವಿದೆ. ಕಾಗದವಾದರೆ ಅರ್ಧದಲ್ಲಿ ಇಡಲಾಗುವುದಿಲ್ಲ.

ಈ ಸಲದ ಪೆಸಾಹ್ ಹಬ್ಬಕ್ಕೆ ನೀನು ಮಾತು ಕೊಟ್ಟಿದ್ದೀ. ಮೊದಲ ದಿನಗಳು ನಿನ್ನ ಅತ್ತೆಯ ಮನೆಯಲ್ಲಿ, ಆಮೇಲೆ ನಡುವೆ ಒಂದು ದಿನ ಮಧ್ಯಾಹ್ನ ನನ್ನ ಮನೆಯಲ್ಲಿ ಊಟ. ಮದುವೆಯಾಗಿ ನೀನು ಮಡಿ ಹಿಡಿದ ಮೇಲೆ ನನ್ನ ಅಡುಗೆಮನೆಯಿಂದ ನೀನು ಉಣ್ಣುವ ಮೊದಲ ಊಟ. "ಪಾತ್ರೆ, ತಟ್ಟೆ ಎಲ್ಲ ಹೊಸದಾಗಿರ್ಲಿ ಅಮ್ಮ, ಯಾರೂ ಉಂಡಿರಬಾರ್ದು" ಎಂದು ಒಂದೇ ಷರತ್ತು ಹಾಕಿದೆ. ನಾನು ಹೂಂ ಅಂದೆ. ಪಾತ್ರೆಗಳನ್ನು ಹೊಸದಾಗಿ ಕೊಂಡೆ. ಗುರುಗಳು ಕಳಿಸಿದ ಮನುಷ್ಯ ಬಂದು ನನ್ನ ಒಲೆಯನ್ನು ಬೆಂಕಿ ಹಚ್ಚಿ ಕೆಂಪಗೆ ಕಾಯಿಸಿ ಹೋದ. ಹಬ್ಬಕ್ಕೆ ಮನೆಯಲ್ಲಿ ಇರಬಾರದೆಂದು, ಹುದುಗು ಬಂದ ಹಿಟ್ಟಿನ ಒಂದು ಚೂರೂ ಉಳಿಯದಂತೆ ಮನೆಯ ಮೂಲೆಮೂಲೆ ಕೆರೆದಿದ್ದೇನೆ. ತಟ್ಟೆಗಳನ್ನು ಮಾತ್ರ ಅಂಗಡಿಯಿಂದ ತರಲಿಲ್ಲ. ನಾನೇ ನನ್ನ ಕೈಯಾರೆ ಮಾಡಿದೆ. ನಿಮ್ಮೊಬ್ಬೊಬ್ಬರಿಗೆ ಒಂದೊಂದು, ಹೆಸರು ಬರೆದು. ಆ ತಟ್ಟೆಗಳಿಗೆ ಏನಾಯಿತು ಎಂದು ಹೇಳಲು ಈ ಕಾಗದ.

ನಾನು ಮಣ್ಣಿನ ಕೆಲಸಕ್ಕೆ ಹೋಗುವ ಜಾಗ ನಿನಗೆ ಇಷ್ಟವಿಲ್ಲವೆಂದು ಗೊತ್ತು. ಬೆಲ್ ದ ಮೇ ಬಡಾವಣೆಯಲ್ಲಿ ಒಂದು ಹಳೆಯ ಸಾಬೂನಿನ ಗೋದಾಮು. ಅದನ್ನು ನಡೆಸುವ ಕ್ಲೋತಿಲ್ಡ್ ಮೇಡಂ ಚಿತ್ರಕಲೆ ಕಲಿಸುತ್ತಿದ್ದವರು. ನಮ್ಮ ಯಹೂದಿಗಳು, ಮುಸಲ್ಮಾನರು, ಕ್ಯಾಥೊಲಿಕರು, ಮೂರೂ ಮತದ ಹೆಂಗಸರು ಒಟ್ಟಿಗೆ ಕೂತು ತಟ್ಟೆ ಬಟ್ಟಲು ಮಾಡಬೇಕು, ಮೇ ತಿಂಗಳಲ್ಲಿ ಬೀದಿಯಲ್ಲಿ ಒಂದು ಉದ್ದನೆಯ ಮೇಜು ಹಾಕಿ ಅವನ್ನೆಲ್ಲ ಜೋಡಿಸಿ ಇಡಬೇಕು, ಅದರಿಂದ ಸಂವಾದ ಹುಟ್ಟಬೇಕು ಎಂಬುದು ಅವರ ಆಸೆ. ಮೊದಲ ದಿನವೇ ನನಗೆ ಅನುಮಾನ ಬಂತು. ಇದರಿಂದ ಇವರಿಗೇನು ಲಾಭ? ನಮ್ಮ ಫೋಟೊ ತೆಗೆಯುತ್ತಾರಲ್ಲ, ಅದು ಎಲ್ಲಿಗೆ ಹೋಗುತ್ತದೆ? ಸಂವಾದವಂತೆ. ನಾನು, ಅಗಾತಿನಾ ಟ್ಯುನೀಸಿಯಾದ ಗೋಲೆತ್‌ನ ಒಂದೇ ಬೀದಿಯಲ್ಲಿ ಬೆಳೆದವರು. ನಮಗೆ ಮಾತಾಡಲು ಯಾರೂ ಕಲಿಸಬೇಕಾಗಿಲ್ಲ, ಬಾಯಿ ಮುಚ್ಚಲು ಕಲಿಸಿದ್ದರೆ ಉಪಕಾರವಾಗುತ್ತಿತ್ತು.

ಅಗಾತಿನಾ ನಿನಗೆ ಗೊತ್ತಲ್ಲ, ಇಟಲಿಯ ಸಿಸಿಲಿಯಿಂದ ಬಂದ ಕ್ಯಾಥೊಲಿಕರ ಮನೆ ಹೆಣ್ಣು, ನೀನು ಚಿಕ್ಕವಳಿದ್ದಾಗ ನಿನಗೆ ಬಾದಾಮಿ ಮಿಠಾಯಿ ತಂದುಕೊಡುತ್ತಿದ್ದವಳು. ಗಂಡ ಹೋದ ಮೇಲೆ ಅವಳ ಗಂಟಲು ಇನ್ನಷ್ಟು ದೊಡ್ಡದಾಗಿದೆ. ನನ್ನನ್ನು ಅಲ್ಲಿಗೆ ಎಳೆದುಕೊಂಡು ಹೋದವಳು ಅವಳೇ. ಟ್ಯುನೀಸಿಯಾದಲ್ಲಿ ಆಗಸ್ಟ್ ತಿಂಗಳಲ್ಲಿ ಅವರ ಯೇಸುಮಾತೆಯ ಮೆರವಣಿಗೆ ಬಂದಾಗ ನಿನ್ನ ಅಜ್ಜಿಯೂ ಬಾಗಿಲಲ್ಲಿ ನಿಂತು, ಗುರುಗಳಿಗೆ ಕಾಣದ ಹಾಗೆ, ಒಂದು ಹರಕೆ ಹೊರುತ್ತಿದ್ದಳು. ಈ ಮಾತು ನಿನಗೆ ಸೇರುವುದಿಲ್ಲ, ಆದರೂ ಬರೆಯುತ್ತಿದ್ದೇನೆ.

ಇನ್ನೊಬ್ಬಳು ಶೆಡ್ಲಿಯಾ. ಟ್ಯುನೀಸಿಯಾದ್ದೇ ನಾಬೆಲ್ ಊರಿನ ಕುಂಬಾರರ ಮನೆಯವಳು, ಮುಸಲ್ಮಾನಳು, ನನಗಿಂತ ಹತ್ತು ವರ್ಷ ಚಿಕ್ಕವಳು. ಕರೆಂಟಿನ ಭಟ್ಟಿಯ ಉಸ್ತುವಾರಿಯೆಲ್ಲ ಅವಳದ್ದೇ. ಮಾತು ಕಡಿಮೆ. ಮಾತು ಕಡಿಮೆ ಇರುವವರನ್ನು ಕಂಡರೆ ನನಗೆ ಯಾವಾಗಲೂ ದಿಗಿಲು, ಒಳಗೆ ಏನನ್ನು ಬೇಯಿಸುತ್ತಿರುತ್ತಾರೋ ಎಂದು. ಜನವರಿಯಲ್ಲಿ ಪ್ಯಾರಿಸಿನಲ್ಲಿ ನಮ್ಮವರ ಅಂಗಡಿಗೆ ಬಂದೂಕುಧಾರಿ ನುಗ್ಗಿ ಆ ಕೊಲೆಗಳು ನಡೆದವಲ್ಲ, ಅಂದಿನಿಂದ ನಮ್ಮ ಪ್ರಾರ್ಥನಾ ಮಂದಿರದ ಬಾಗಿಲಲ್ಲಿ ಬಂದೂಕು ಹಿಡಿದ ಸೈನಿಕರು ನಿಂತಿದ್ದಾರೆ. ಅವರನ್ನು ದಾಟಿಕೊಂಡು ಗೋದಾಮಿಗೆ ಹೋಗಿ ಶೆಡ್ಲಿಯಾಳ ಪಕ್ಕ ಕೂರಬೇಕು. ನಾನು ಅವಳನ್ನು ನೋಡುವುದು, ಅವಳು ನನ್ನನ್ನು ನೋಡುವುದು, ಇಬ್ಬರೂ ಮಣ್ಣಿನ ಕಡೆ ತಿರುಗುವುದು. ಆ ವಿಷಯ ನಾನೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ಅಗಾತಿನಾ ಒಬ್ಬಳೇ ಇಬ್ಬರ ಪಾಲಿನದ್ದನ್ನೂ ಮಾತಾಡುತ್ತಿದ್ದಳು.

ಕ್ಲೋತಿಲ್ಡ್ ಮೇಡಂ ಒಂದು ನಿಯಮ ಮಾಡಿದ್ದಾರೆ. ಒಬ್ಬಳು ಮಾಡಿದ ತಟ್ಟೆಯ ಅಂಚಿಗೆ ಬೇರೆ ಮತದವಳು ಬಣ್ಣ ಬರೆಯಬೇಕು. ನನ್ನ ತಟ್ಟೆಗಳು ಶೆಡ್ಲಿಯಾಳ ಪಾಲಿಗೆ ಬಂದವು. ಅವಳು ನೀಲಿಯಲ್ಲಿ ಏನೋ ಬಳುಕುಬಳುಕಾಗಿ ಬರೆದಳು. ನಿನ್ನ ಮಕ್ಕಳು ಉಣ್ಣುವ ತಟ್ಟೆ! ಅದು ಅರಬ್ಬಿಯಲ್ಲಿ ಏನಾದರೂ ಮಂತ್ರವಾಗಿದ್ದರೆ? ಒಂದು ತೆಳು ಕಾಗದ ಇಟ್ಟು ಆ ಗೆರೆಗಳನ್ನು ಕದ್ದು ಇಳಿಸಿಕೊಂಡು ನಮ್ಮ ಬೀದಿ ಕೊನೆಯ ದಿನಸಿ ಅಂಗಡಿಯವನಿಗೆ ತೋರಿಸಿದೆ. ಅವನು ಕಾಗದವನ್ನು ಆ ಕಡೆ ಈ ಕಡೆ ತಿರುಗಿಸಿ "ಮೀನು ಕಣಮ್ಮ ಇದು. ಒಂದರ ಹಿಂದೆ ಒಂದು ಮೀನು ಹೋಗ್ತಿವೆ. ಕನ್ನಡಕ ಬದಲಾಯ್ಸಿ" ಅಂದ. ದೃಷ್ಟಿ ತಾಗದಿರಲೆಂದು ನಿನ್ನ ತೊಟ್ಟಿಲಿಗೆ ನಾನು ಕಟ್ಟಿದ್ದೆನಲ್ಲ, ಅಂಥದ್ದೇ ಮೀನು. ಆದರೂ ಒಂದು ವಾರ ಸಮಾಧಾನವಾಗಲಿಲ್ಲ.

ತಟ್ಟೆಗಳು ಬೆಂದು, ಮೆರುಗು ಹತ್ತಿ, ಹೊರಗೆ ಬಂದಾಗ ಎಷ್ಟು ಚೆನ್ನಾಗಿದ್ದವು ಗೊತ್ತೇ! ತೆಹಿಲ್ಲಾಳ ತಟ್ಟೆಯ ನಡುವೆ ಒಂದು ಹಳದಿ ಮೀನು ಬರೆದಿದ್ದೆ, ನಗುವ ಮೀನು. ಅವುಗಳನ್ನು ಬಟ್ಟೆಯಲ್ಲಿ ಸುತ್ತಿ ಗೋದಾಮಿನ ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ಮನೆಗೆ ತರೋಣವೆಂದರೆ, ಮನೆಯಲ್ಲಿ ಇನ್ನೂ ಹಳೆಯ ರೊಟ್ಟಿ, ಹಿಟ್ಟು ಎಲ್ಲ ಇತ್ತು. ಮನೆ ಚೊಕ್ಕಟವಾದ ಮೇಲೆ ತಂದರಾಯಿತು ಎಂದುಕೊಂಡೆ. "ಈ ಕಪಾಟು ಯಾರೂ ಮುಟ್ಟಬಾರ್ದು" ಎಂದಷ್ಟೇ ಎಲ್ಲರಿಗೂ ಹೇಳಿದೆ. ಯಾಕೆಂದು ಹೇಳಲಿಲ್ಲ. ಹೇಳಿದ್ದರೆ ನನ್ನ ಸ್ವಂತ ಮಗಳು ನನ್ನ ಮನೆಯಲ್ಲಿ ಉಣ್ಣುವುದಿಲ್ಲ ಎಂಬುದನ್ನೂ ಹೇಳಬೇಕಾಗುತ್ತಿತ್ತು. ಅವರು ಎದುರಿಗೆ ಅಯ್ಯೋ ಅಂದು ಹಿಂದಿನಿಂದ ನಗುತ್ತಾರೆ ಎಂದು ನನಗೆ ಖಾತ್ರಿಯಿತ್ತು.

ಕಳೆದ ಸೋಮವಾರ ಬೆಳಿಗ್ಗೆ ತಟ್ಟೆಗಳನ್ನು ತರೋಣವೆಂದು ಹೋಗಿ ಕಪಾಟು ತೆರೆದೆ. ನಾನಿಟ್ಟ ಹಾಗೆ ಇರಲಿಲ್ಲ. ಬಟ್ಟೆಯನ್ನು ಯಾರೋ ನನಗಿಂತ ನೀಟಾಗಿ ಮಡಚಿದ್ದರು. ಮೇಲಿದ್ದ ತೆಹಿಲ್ಲಾಳ ತಟ್ಟೆ ಎಲ್ಲಕ್ಕಿಂತ ಕೆಳಗೆ ಹೋಗಿತ್ತು. ಮೂಗಿನ ಹತ್ತಿರ ತಂದೆ. ಸೋಂಪಿನ ಸೊಪ್ಪಿನ ವಾಸನೆ, ಅದರ ಹಿಂದೆ ಮೀನಿನ ವಾಸನೆ. ತಿರುವಿ ನೋಡಿದರೆ ತಳದ ಅಂಚಿಗೆ ಎಳ್ಳು ಅಂಟಿತ್ತು, ಎಳ್ಳಿನ ಜೊತೆ ರೊಟ್ಟಿಯ ಪುಡಿ. ಮಣ್ಣಿನ ತಟ್ಟೆ ಒಂದು ಸಲ ಮೈಲಿಗೆಯಾದರೆ ತೊಳೆದು ಮಡಿ ಮಾಡಲಾಗುವುದಿಲ್ಲ ಎಂದು ನಿನಗೆ ನಾನು ಹೇಳಬೇಕಾಗಿಲ್ಲ. ಅದೂ ರೊಟ್ಟಿ ಮುಟ್ಟಿದ ತಟ್ಟೆ, ಪೆಸಾಹ್‌ಗೆ!

ಶೆಡ್ಲಿಯಾ ಒಬ್ಬಳೇ ಇದ್ದಳು, ಭಟ್ಟಿಗೆ ಬಟ್ಟಲು ಜೋಡಿಸುತ್ತಿದ್ದಳು. ನಾನು ತಟ್ಟೆ ಹಿಡಿದುಕೊಂಡು ಅವಳ ಮುಂದೆ ಹೋಗಿ ನಿಂತೆ.

"ಇದರಲ್ಲಿ ಉಂಡೋರ್ ಯಾರು?"

"ಯಾವುದ್ರಲ್ಲಿ ಜಿಲ್ಡಕ್ಕ?"

"ಏನೂ ಗೊತ್ತಿಲ್ದೋರ ಥರ ಕೇಳ್ಬೇಡ. ಬೀಗದ ಕೈ ಇರೋದು ನಿನ್ನ ಭಟ್ಟಿ ಪಕ್ಕ."

"ಮೊಳೆಗೆ ನೇತು ಹಾಕಿರೋ ಬೀಗದ ಕೈ ಯಾರ್ ಬೇಕಾದ್ರೂ ತಗೋಬೋದು. ನನ್ನನ್ನೇ ಯಾಕೆ ಕೇಳ್ತಿದೀಯ?"

"ನೀನಲ್ದೆ ಇನ್ಯಾರು?"

ಅವಳು ಬಟ್ಟಲನ್ನು ಕೆಳಗಿಟ್ಟಳು. ಕೈ ಒರೆಸಿಕೊಂಡಳು. "ನೀನಲ್ದೆ ಇನ್ಯಾರು ಅಂದ್ಯಲ್ಲ, ಪೂರ್ತಿ ಹೇಳ್ಬಿಡು. ಜನವರಿಯಿಂದ ಕಾಯ್ತಾ ಇದೀನಿ, ಯಾವಾಗ ಬಾಯಿ ಬಿಡ್ತೀಯ ಅಂತ."

"ನಾನು ಏನಾದ್ರೂ ಅಂದ್ನ? ಒಂದು ಮಾತಾದ್ರೂ ಅಂದ್ನ?"

"ಅನ್ಲಿಲ್ಲ. ನಾನು ಮಾಡ್ಕೊಟ್ಟ ಚಹಾನ ನಾನು ಆ ಕಡೆ ತಿರುಗಿದ ತಕ್ಷಣ ಕಿಟಕಿ ಕುಂಡಕ್ಕೆ ಸುರೀತಿದ್ದೆ. ಆ ಗಿಡಾನೂ ಸತ್ತೋಯ್ತು ನೋಡು."

"ನೀನು ಸಕ್ಕರೆ ಜಾಸ್ತಿ ಹಾಕ್ತೀಯ" ಎಂದೆ. ಅವಳ ಕಣ್ಣು ತುಂಬಿತ್ತು. ನನ್ನದೂ. ಇಬ್ಬರೂ ಸೋಲುವವರಲ್ಲ. ಅಷ್ಟು ಹೊತ್ತಿಗೆ ಕ್ಲೋತಿಲ್ಡ್ ಮೇಡಂ ಒಳಗೆ ಬಂದು ಇಬ್ಬರ ಮುಖ ನೋಡಿ ಬಾಗಿಲಲ್ಲೇ ನಿಂತರು. ಅವರ ಹಿಂದೆ ಅಗಾತಿನಾ, ಕೈಯಲ್ಲಿ ಬಟ್ಟೆ ಮುಚ್ಚಿದ ಬುಟ್ಟಿ, ಮುಖದ ತುಂಬ ನಗು.

"ಜಿಲ್ಡಾ! ನೋಡ್ದೆಯೇನೇ ನಿನ್ನ ತಟ್ಟೆ? ನಿಂಗೆ ಹೇಳ್ಬೇಕು ಅಂತ ಗುರುವಾರದಿಂದ ಕಾಯ್ತಾ ಇದೀನಿ, ಜ್ವರ ಬಂದು ಮಲಗ್ಬಿಟ್ಟೆ. ಸಂತ ಜೋಸೆಫರ ಮೇಜಿಗೆ ನಿನ್ನ ತಟ್ಟೆ ಇಟ್ಟಿದ್ದೆ ಕಣೇ!"

ಸಿಸಿಲಿಯವರ ಈ ಪದ್ಧತಿ ನಿನಗೆ ನೆನಪಿದೆಯೋ ಇಲ್ಲವೋ. ಹರಕೆ ಹೊತ್ತವರು ಮಾರ್ಚ್ ಹತ್ತೊಂಬತ್ತಕ್ಕೆ ಸಂತ ಜೋಸೆಫರ ಹೆಸರಲ್ಲಿ ಮೇಜು ತುಂಬ ರೊಟ್ಟಿ, ತಿಂಡಿ ಜೋಡಿಸಿ ಬಡವರಿಗೆ ಉಣಿಸುತ್ತಾರೆ. ಬಡವರಲ್ಲೇ ಒಬ್ಬ ಮುದುಕನನ್ನು ಸಂತನೆಂದು, ಒಬ್ಬ ಹುಡುಗಿಯನ್ನು ಮಾತೆಯೆಂದು, ಒಂದು ಮಗುವನ್ನು ಯೇಸುಬಾಲನೆಂದು ಕೂರಿಸುತ್ತಾರೆ. ಆ ಮೇಜಿಗೆ ಅಕ್ಕಪಕ್ಕದ ಮನೆಯ ತಟ್ಟೆಗಳನ್ನು ತರುವುದು ಅಗಾತಿನಾಳ ಅಮ್ಮನ ವಾಡಿಕೆ. ಯಾರ ತಟ್ಟೆ ಹೋಗುತ್ತದೋ ಆ ಮನೆಗೂ ಪುಣ್ಯದ ಪಾಲು. ಈ ಸಲ ಅಗಾತಿನಾ ತನ್ನ ಮಂಡಿನೋವಿಗೆ ಹರಕೆ ಹೊತ್ತಿದ್ದಳಂತೆ. ಗುರುವಾರ ನಾನು ಮನೆ ಕೆರೆಯುತ್ತ ಕೂತಿದ್ದಾಗ ಅವಳು ಬಂದು ಮೊಳೆಯಿಂದ ಬೀಗದ ಕೈ ತೆಗೆದುಕೊಂಡು ನನ್ನ ತಟ್ಟೆಗಳನ್ನೆಲ್ಲ ಹೊತ್ತುಕೊಂಡು ಹೋಗಿ, ಸಂಜೆ ತೊಳೆದು ಮರಳಿ ಇಟ್ಟಿದ್ದಳು.

"ಕೇಳ್ದೇನೆ ತಗೊಂಡೋದ್ಯಾ?" ಎಂದೆ.

"ಕೇಳೋದೇನು? ನಿಮ್ಮಮ್ಮನ ತಟ್ಟೇನ ನಮ್ಮಮ್ಮ ಕೇಳಿ ತಗೊಂಡೋಗ್ತಿದ್ಳಾ? ಸೀದ ಒಳಗೆ ಬಂದು ಎತ್ಕೊಂಡೋಗ್ತಿದ್ಳು. ಪಾದ್ರಿಗಳೇ ಬಂದು ಮೇಜಿಗೆ ತೀರ್ಥ ಚಿಮುಕಿಸಿದ್ರು ಕಣೇ. ಯೇಸುಬಾಲನಾಗಿ ಕೂತ ಮಗುಗೆ ಯಾವ ತಟ್ಟೆ ಇಟ್ಟೆ ಗೊತ್ತಾ? ನಿನ್ನ ತೆಹಿಲ್ಲಾದು! ನಗೋ ಮೀನು ನೋಡಿ ಆ ಮಗು ಎರಡೆರಡು ಸಲ ಹಾಕಿಸ್ಕೊಂಡ್ತು."

ನೊಯೆಮಿ, ನೀನೇ ಹೇಳು, ನಾನು ಅಳಬೇಕೋ ನಗಬೇಕೋ. ನಿನ್ನ ಅಜ್ಜಿ ಅವರಿಗೆ ಕೊಡುವುದಕ್ಕೆಂದೇ ಬಾಗಿಲ ಪಕ್ಕದ ಗೂಡಿನಲ್ಲಿ ಬೇರೆ ತಟ್ಟೆಗಳನ್ನು ಇಟ್ಟಿದ್ದಳು. ನಾವು ಎಂದೂ ಅವುಗಳಲ್ಲಿ ಉಣ್ಣುತ್ತಿರಲಿಲ್ಲ. ಅಗಾತಿನಾಳ ಅಮ್ಮ ಸಾಯುವವರೆಗೂ ಅದು ಅವಳಿಗೆ ತಿಳಿಯದ ಹಾಗೆ ನೋಡಿಕೊಂಡಳು. ಅಗಾತಿನಾಳಿಗೆ ಇವತ್ತಿಗೂ ತಿಳಿಯದು. ಅವಳ ನಗುಮುಖ ನೋಡುತ್ತ ನಾನು ಅಲ್ಲಿದ್ದ ಕುರ್ಚಿಯ ಮೇಲೆ ಕೂತೆ. ಕೂತವಳು ಬಾಯಿ ಬಿಟ್ಟೆ. "ನನ್ನ ಮಗಳು ನನ್ನ ಮನೇಲಿ ಊಟ ಮಾಡಲ್ಲ. ನನ್ನ ಮನೆ ಮಡಿ ಇಲ್ಲ ಅಂತಾಳೆ. ಈ ತಟ್ಟೇಲಿ ಮಾಡ್ತೀನಿ ಅಂದಿದ್ಳು" ಎಂದೆ. ಅಷ್ಟು ದಿನ ಬೀಗ ಹಾಕಿಟ್ಟಿದ್ದೆಲ್ಲ ಹೊರಗೆ ಬಂತು.

ಯಾರೂ ನಗಲಿಲ್ಲ. ಅಗಾತಿನಾ ಬುಟ್ಟಿಯನ್ನು ಎದೆಗೆ ಒತ್ತಿಕೊಂಡು ನಿಂತುಬಿಟ್ಟಳು. ಕ್ಲೋತಿಲ್ಡ್ ಮೇಡಂ ಕಣ್ಣೊರೆಸಿಕೊಂಡು ಫೋನ್ ಹೊರತೆಗೆದರು. "ಇದೇ, ಇದನ್ನೇ ನಾನು ಕಾಯ್ತಾ ಇದ್ದೆ. ಇದೇ ನಿಜವಾದ ಸಂವಾದ. ಜಿಲ್ಡಾ, ಕೊನೇ ಮಾತು ಇನ್ನೊಂದ್ಸಲ ಹೇಳ್ತೀರಾ? ರೆಕಾರ್ಡ್ ಮಾಡ್ಕೋತೀನಿ" ಎಂದರು. ಅಷ್ಟು ಹೊತ್ತು ಒಬ್ಬರ ಮುಖ ಒಬ್ಬರು ನೋಡದಿದ್ದ ನಾವು ಮೂವರೂ ಒಟ್ಟಿಗೇ "ಸ್ವಲ್ಪ ಆಚೆ ಇರಿ ಮೇಡಂ" ಎಂದೆವು. ಪಾಪ, ಹೋದರು.

ಅಗಾತಿನಾ ನನ್ನ ಪಕ್ಕ ಕೂತು ನನ್ನ ಕೈ ಹಿಡಿದುಕೊಂಡಳು. "ಬಿಸಿನೀರಲ್ಲಿ ಉಜ್ಜಿ ಉಜ್ಜಿ ತೊಳ್ದಿದೀನಿ. ಇನ್ನೊಂದ್ಸಲ ತೊಳೀತೀನಿ. ಗೊತ್ತಿರೋದು ನಮ್ ನಾಲ್ಕೇ ಜನಕ್ಕೆ. ನಾನಂತೂ ಸತ್ರೂ ಬಾಯಿ ಬಿಡಲ್ಲ. ನಿನ್ನ ಮಗಳಿಗೆ ಹೇಳೋರ್ ಯಾರು?" ಎಂದಳು. ನನಗೂ ಆಸೆಯಾಯಿತು ಮಗಳೇ. ಆ ದಿನವೆಲ್ಲ ಅದನ್ನೇ ಯೋಚಿಸಿದೆ. ನೀನು ಬರುತ್ತೀ, ಮಕ್ಕಳು ಕೂರುತ್ತವೆ, ನಾನು ಬಡಿಸುತ್ತೇನೆ, ಎಲ್ಲರೂ ಉಣ್ಣುತ್ತಾರೆ. ಯಾರಿಗೂ ಏನೂ ಆಗುವುದಿಲ್ಲ. ಆದರೆ ನಿನಗೆ ಮೋಸ ಮಾಡಿ ಉಣಿಸಿದರೆ ನೀನು ನನ್ನ ಅಡುಗೆಮನೆಯ ಮೇಲೆ ಇಷ್ಟು ವರ್ಷ ಪಟ್ಟ ಅನುಮಾನವೆಲ್ಲ ನಿಜವಾಗುತ್ತದಲ್ಲ. ಅದಕ್ಕೆ ನನ್ನ ಮನಸ್ಸು ಒಪ್ಪಲಿಲ್ಲ.

ಮರುದಿನ ಹೋದಾಗ ಶೆಡ್ಲಿಯಾ ನನ್ನ ಮುಖ ನೋಡದೆ, ಭಟ್ಟಿಯ ಜೊತೆ ಮಾತಾಡುವವಳ ಹಾಗೆ ಹೇಳಿದಳು. "ನಮ್ಮೂರಲ್ಲಿ ಎಣ್ಣೆ ಕುಡಿದ ಮಡಕೇನ ನಮ್ಮಜ್ಜಿ ಮತ್ತೆ ಭಟ್ಟಿಗೆ ಹಾಕೋಳು. ಪೂರ್ತಿ ಕಾವು ಕೊಟ್ರೆ ಹೊಸದು ಅನ್ನೋಳು. ನಿಮ್ಮವರಲ್ಲಿ ಅದು ನಡೆಯತ್ತೋ ಇಲ್ವೋ ಕೇಳ್ಕೊಂಡ್ ಬಾ."

ನನ್ನನ್ನು ಸಮಾಧಾನ ಮಾಡಲು ಕಟ್ಟಿ ಹೇಳುತ್ತಿದ್ದಾಳೆಂದೇ ತಿಳಿದೆ. ಆದರೂ ಗುರುಗಳಿಗೆ ಫೋನ್ ಮಾಡಿದೆ. ಅವರು ಬಹಳ ಹೊತ್ತು ಹ್ಞೂಂ ಹ್ಞೂಂ ಅನ್ನುತ್ತ ಪುಸ್ತಕ ತಿರುವಿದರು. ಕುಂಬಾರನ ಭಟ್ಟಿಗೆ ಮರಳಿ ಹೋಗಿ ಬೆಂದ ಮಣ್ಣು ಹೊಸ ಮಣ್ಣೇ ಎಂದು ಹಳೆಯವರು ಹೇಳಿದ್ದಾರಂತೆ. ಮಣ್ಣಿಗೆ ಅದೊಂದೇ ದಾರಿಯಂತೆ. "ಆದ್ರೆ ಮೊದಲು ಬೆಂದಷ್ಟೇ ಕಾವಲ್ಲಿ ಬೇಯ್ಬೇಕು ಜಿಲ್ಡಮ್ಮ, ಸುಮ್ನೆ ಬೆಚ್ಚಗೆ ಮಾಡಿದ್ರೆ ಆಗಲ್ಲ. ಭಟ್ಟಿ ನೋಡ್ಕೊಳ್ಳೋರು ಯಾರು?" ಎಂದರು. ಮುಸಲ್ಮಾನ ಹೆಂಗಸು ಎಂದೆ. "ನಂಬೋ ಹಾಗಿದಾಳಾ?" ಎಂದರು. ಏನು ಹೇಳಲಿ? ಹಿಂದಿನ ದಿನ ನಾನು ಅವಳನ್ನು ಕಳ್ಳಿಯೆಂದಿದ್ದೆ. "ನಾನೇ ಪಕ್ಕದಲ್ಲಿ ಕೂತು ನೋಡ್ತೀನಿ" ಎಂದೆ.

ಬುಧವಾರ ಬೆಳಿಗ್ಗೆಯಿಂದ ಸಂಜೆಯವರೆಗೂ ಭಟ್ಟಿಯ ಮುಂದೆ ಕುರ್ಚಿ ಹಾಕಿಕೊಂಡು ಕೂತೆ. ಕಾವು ತೋರಿಸುವ ಮುಳ್ಳಿನ ಮೇಲಿಂದ ಕಣ್ಣು ಕೀಳಲಿಲ್ಲ. ಶೆಡ್ಲಿಯಾ ಒಂದು ಸಲ ನೋಡಿದಳು, ಎರಡು ಸಲ ನೋಡಿದಳು. "ಭಟ್ಟೀನ ಕಾಯ್ತಾ ಇದೀಯೋ, ನನ್ನ ಕಾಯ್ತಾ ಇದೀಯೋ?" ಎಂದಳು. "ಎರಡನ್ನೂ" ಎಂದೆ. ಅವಳಿಗೆ ನಗು ಬಂತು, ತಡೆದುಕೊಂಡಳು. ಮಧ್ಯಾಹ್ನ ಚಹಾ ಮಾಡಿ ಒಂದು ಲೋಟ ನನ್ನ ಪಕ್ಕದಲ್ಲಿಟ್ಟು, ಅಲ್ಲೇ ಎದುರಿಗೆ ಕೂತಳು. ಕುಡಿದೆ. ಸಕ್ಕರೆ ನಿಜವಾಗಿಯೂ ಹೆಚ್ಚಾಗಿತ್ತು.

"ನೀನು ಒಬ್ಳೇ ಅಲ್ಲ ಬಿಡು" ಎಂದಳು. "ನನ್ನ ಮಗ ಕೇಳ್ತಾನೆ, ಆ ಹೆಂಗಸ್ರ ಹತ್ರ ಏನ್ ಕೆಲಸ ನಿಂಗೆ, ಏನ್ ಹೇಳ್ಕೊಡ್ತಾರೆ ಅಲ್ಲಿ ಅಂತ. ತಟ್ಟೆ ಮಾಡ್ತೀವಿ ಅಂದ್ರೆ ನಂಬಲ್ಲ. ಆಸ್ಪತ್ರೆಗೆ ಹೋಗ್ತೀನಿ ಅಂತ ಹೇಳಿ ಬರ್ತೀನಿ. ಅವನ ಪ್ರಕಾರ ನನಗೆ ವಾರಕ್ಕೆ ಮೂರು ಸಲ ಹಲ್ಲುನೋವು."

ನಾನು ಅವಳ ಕ್ಷಮೆ ಕೇಳಿದೆ ಮಗಳೇ. ಅವಳು ತಲೆ ಆಡಿಸಿದಳು, ಪರವಾಗಿಲ್ಲ ಅನ್ನಲಿಲ್ಲ. "ಇನ್ನೊಬ್ರ ಮೇಲೆ ಇಷ್ಟು ಬೇಗ ಬರಲ್ಲ ಅಲ್ವಾ ನಿಂಗೆ ಈ ಅನುಮಾನ?" ಎಂದು ಕೇಳಿದಳು. ಎಲ್ಲರ ಮೇಲೂ ಬರುತ್ತದೆ, ದಿಂಬಿನ ಚೀಲದ ವಿಷಯ ಕೇಳು ಎಂದು ಹೇಳಹೊರಟವಳು ಸುಮ್ಮನಾದೆ. ಅವಳ ಮೇಲೆ ಬೇಗ ಬಂದಿತ್ತು. ನಿಜ.

ಮಾರನೆಯ ದಿನ ತಣ್ಣಗಾದ ಮೇಲೆ ಭಟ್ಟಿ ತೆರೆದೆವು. ಅಗಾತಿನಾ ಶಿಲುಬೆ ಗುರುತು ಹಾಕಿಕೊಂಡಳು, ಬೇಡ ಅನ್ನಲಿಲ್ಲ ನಾನು. ಎಲ್ಲ ತಟ್ಟೆಗಳೂ ಉಳಿಯಲಿಲ್ಲ. ಬಡಿಸಲು ಮಾಡಿದ ದೊಡ್ಡದು ನಡುವೆ ಸೀಳಿತ್ತು. ಎಲಿಶಾನದ್ದು ಮೂರು ಚೂರು. ಉಳಿದವುಗಳ ಮೆರುಗು ಅಲ್ಲಲ್ಲಿ ಕರಗಿ ಇಳಿದಿದೆ. ತೆಹಿಲ್ಲಾಳ ತಟ್ಟೆ ಉಳಿದಿದೆ, ಆದರೆ ಹಳದಿ ಬಣ್ಣ ಹರಿದು ಮೀನಿನ ಬಾಯಿ ಸ್ವಲ್ಪ ಸೊಟ್ಟಗಾಗಿದೆ. ನಗುತ್ತಿದೆಯೋ ಮುಖ ಕಿವುಚಿದೆಯೋ ಹೇಳುವುದು ಕಷ್ಟ. ಹೊಸದು ಮಾಡೋಣವೆಂದರೆ ಹಬ್ಬದೊಳಗೆ ಮಣ್ಣು ಒಣಗುವುದಿಲ್ಲವೆಂದು ಶೆಡ್ಲಿಯಾ ಹೇಳಿದಳು. ಎಲಿಶಾ ನನ್ನ ತಟ್ಟೆಯಲ್ಲಿ ಉಣ್ಣಲಿ, ನಾನು ಬಡಿಸುವವಳು, ನನಗೆ ತಟ್ಟೆ ಯಾಕೆ. ಗುರುಗಳು ಹೇಳಿದಂತೆ ತಟ್ಟೆಗಳನ್ನು ಮಡಿನೀರಿನಲ್ಲಿ ಅದ್ದಿ ತಂದು ಮನೆಯ ಕಪಾಟಿನಲ್ಲಿಟ್ಟು ಬೀಗ ಹಾಕಿದ್ದೇನೆ. ಬೀಗದ ಕೈ ನನ್ನ ಕೊರಳಲ್ಲೇ ಇದೆ.

ನಡೆದದ್ದೆಲ್ಲ ಬರೆದಿದ್ದೇನೆ. ಯಾರ ತಟ್ಟೆಯ ಮೇಲೆ ಏನು ಬಿತ್ತು, ಯಾರು ತೊಳೆದರು, ಯಾರು ಬೇಯಿಸಿದರು, ಒಂದನ್ನೂ ಮುಚ್ಚಿಟ್ಟಿಲ್ಲ. ನೀನು ನಿಮ್ಮ ಊರಿನ ಗುರುಗಳನ್ನು ಕೇಳುತ್ತೀಯೆಂದು ಗೊತ್ತು. ಅವರು ಇಲ್ಲಿಯವರಿಗಿಂತ ಬಿಗಿ ಎಂದೂ ಗೊತ್ತು. ಅವರು ಬೇಡ ಅನ್ನಲಿ ಎಂದು ನೀನೇ ಒಳಗೊಳಗೆ ಕಾಯುತ್ತೀಯೇನೋ ಎಂಬ ಅನುಮಾನವೂ ನನಗಿದೆ, ಅದನ್ನೂ ಬರೆದುಬಿಡುತ್ತೇನೆ. ತಪ್ಪಾಗಿದ್ದರೆ ಹೊಟ್ಟೆಗೆ ಹಾಕಿಕೋ. ಬರುವ ದಿನ ಯಾವುದೆಂದು ತಿಳಿಸು, ಹುರುಳಿಕಾಯಿ ಹಾಕಿದ ಕುರಿಮಾಂಸ ಮಾಡುತ್ತೇನೆ, ನಿನ್ನ ಅಪ್ಪನಿಗೆ ಇಷ್ಟವಾಗುತ್ತಿದ್ದದ್ದು.

ಅಳಿಯಂದಿರಿಗೆ ನನ್ನ ಆಶೀರ್ವಾದ ತಿಳಿಸು. ನಿನ್ನ ಅತ್ತೆಗೂ ನಮಸ್ಕಾರ ಹೇಳು, ಆಕೆ ಕೇಳಿದರೆ ಮಾತ್ರ. ದೇವರು ನಿಮ್ಮ ಮನೆಯನ್ನು ತುಂಬಿರಿಸಲಿ, ಮಕ್ಕಳ ಮೇಲೆ ಯಾರ ಕಣ್ಣೂ ಬೀಳದಿರಲಿ. ಪ್ರಯಾಣದಲ್ಲಿ ಎಲಿಶಾನ ಕಿವಿ ಮುಚ್ಚು.

ನಿನ್ನ ಅಮ್ಮ,
ಜಿಲ್ಡಾ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ಕಳೆದ ವರ್ಷ ನೀವು ಒಂದು ಗಂಟೆಯ ಮಟ್ಟಿಗೆ ಬಂದಿದ್ದಿರಲ್ಲ, ನಿಮ್ಮ ಕಾಗದದ ತಟ್ಟೆಗಳು, ನಿಮ್ಮ ಡಬ್ಬಿಗಳು ಎಲ್ಲ ತಂದುಕೊಂಡು. ಅದಕ್ಕೆ ನಾನು ಏನೂ ಅನ್ನಲಿಲ್ಲ. ನೀನು ಒಳಗೆ ಎಲಿಶಾನ ಬಟ್ಟೆ ಬದಲಾಯಿಸುತ್ತಿದ್ದೆ. ನಾನು ಒಂದು ಕಿತ್ತಳೆ ಸುಲಿದೆ, ಚಾಕು ಕೂಡ ಮುಟ್ಟಿಸದೆ, ಉಗುರಲ್ಲಿ. ಹಣ್ಣಿಗೆ ಯಾವ ಮಡಿ, ಯಾವ ತಟ್ಟೆ ಬೇಕು ಎಂದು ಒಂದು ತೊಳೆ ಬಿಡಿಸಿ ತೆಹಿಲ್ಲಾಳ ಬಾಯಿಯ ಹತ್ತಿರ ಹಿಡಿದೆ. ಮಗು ಎರಡೂ ಕೈ ಬೆನ್ನ ಹಿಂದೆ ಇಟ್ಟುಕೊಂಡು ಒಂದು ಹೆಜ್ಜೆ ಹಿಂದೆ ಹೋಯಿತು. "ಅಜ್ಜಿ, ನಿಮ್ಮ ಕೈ ಮಡೀನಾ?" ಎಂದು ಕೇಳಿತು. ತುಂಟತನವಿರಲಿಲ್ಲ ನೊಯೆಮಿ, ಮರ್ಯಾದೆಯಿಂದಲೇ ಕೇಳಿತು. ನೀನು ಹೊರಗೆ ಬರುವಷ್ಟರಲ್ಲಿ ನಾನೇ ಆ ಹಣ್ಣನ್ನೆಲ್ಲ ತಿಂದು, ಹುಳಿ ಇತ್ತು, ಅದಕ್ಕೇ ಮಗುವಿಗೆ ಕೊಡಲಿಲ್ಲ ಎಂದು ನಿನಗೆ ಹೇಳಿದೆ. ಸಕ್ಕರೆಯಂಥ ಹಣ್ಣು ಅದು. ತಟ್ಟೆಗಳಲ್ಲಿ ಉಣ್ಣುವುದು ಬಿಡುವುದು ನಿಮ್ಮ ಗುರುಗಳಿಗೆ ಬಿಟ್ಟದ್ದು, ಅವರು ಬೇಡವೆಂದರೆ ನಿಮ್ಮ ಡಬ್ಬಿಗಳನ್ನೇ ತನ್ನಿ. ಆದರೆ ಆ ಮಗುವಿಗೆ ಉತ್ತರವನ್ನು ನೀನು ಹೇಳಬೇಕು, ನನ್ನ ಎದುರಿಗೇ ಹೇಳಬೇಕು. ನಾನು ಕಿತ್ತಳೆ ತಂದಿಟ್ಟಿರುತ್ತೇನೆ.